ಬ್ಯಾರೆ ಮನಿ ಇಂಜಿನ್ನು

ಲೋಕಾಪುರದ ಬಸ್ ನಿಲ್ದಾಣದ ಹತ್ತಿರ ಒಂದು ಚಹಾ ಮುಗಿಯುವಷ್ಟು ಹೊತ್ತು ನಿಂತರೆ ಸಾಕು, ಮೂರು ಗಾಡಿ ಕಣ್ಣಿಗೆ ಬಿದ್ದೇ ಬೀಳುತ್ತವೆ. ಮುಧೋಳದ ಕಡೆಯಿಂದ ಬಾಗಿಲ ತನಕ ಮಂದಿ ತುಂಬಿಕೊಂಡು ಬಂದ ಕ್ರೂಸರ್. ಬಾಡಿಗೆಗೆ ಕಾಯುತ್ತ ನಿಂತ ಬಿಳಿ ಡಿಸೈರ್. ಯಾವುದೋ ತೋಟಕ್ಕೆ ಗೊಬ್ಬರದ ಚೀಲ ಹೇರಿಕೊಂಡು ಹೊರಟ ಹಳೆಯ ಬೊಲೆರೊ. ಹೆಸರು ಕೇಳಿದರೆ ಫೋರ್ಸ್, ಮಾರುತಿ, ಮಹೀಂದ್ರ. ಬಾನೆಟ್ ಎತ್ತಿದರೆ ಮಾತು ಬೇರೆ. ಕ್ರೂಸರಿನೊಳಗೆ ಕೂತದ್ದು ಜರ್ಮನಿಯ ಮರ್ಸಿಡಿಸ್ ಬೆಂಜ್ ಕಂಪನಿಯ ಒಎಂ 616 ಎಂಬ ಡೀಸೆಲ್ ಇಂಜಿನ್ನಿನ ವಂಶದ್ದು. 1980ರ ದಶಕದಲ್ಲಿ ಪುಣೆಯ ಬಜಾಜ್ ಟೆಂಪೊ ಅದರ ಪರವಾನಗಿ ತಂದುಕೊಂಡಿತ್ತು, ಆ ಬಜಾಜ್ ಟೆಂಪೊವೇ ಇಂದಿನ ಫೋರ್ಸ್. ಡಿಸೈರ್ 2020ಕ್ಕಿಂತ ಹಿಂದಿನ ಡೀಸೆಲ್ ಆಗಿದ್ದರೆ ಅದರದು ಇಟಲಿಯ ಫಿಯೆಟ್ ರೂಪಿಸಿದ 1248 ಸಿಸಿ ಇಂಜಿನ್. ಬೊಲೆರೊ ಮೊದಲ ವರ್ಷಗಳದ್ದಾಗಿದ್ದರೆ ಅದರೊಳಗೆ ಫ್ರಾನ್ಸಿನ ಪ್ಯೂಜೊ ಕಂಪನಿಯ ರಕ್ತ.

ಹೀಗಿರುವಾಗ ‘ಒಂದು ಕಂಪನಿಯ ಗಾಡಿಗೆ ಇನ್ನೊಂದು ಕಂಪನಿಯ ಇಂಜಿನ್ ಕೂಡಿಸುವುದು’ ಎಂದರೆ ಪೇಟೆಯ ಶೋಕಿ ಹುಡುಗರ ಹುಚ್ಚು ಎಂದು ಮೂಗು ಮುರಿಯುವಂತಿಲ್ಲ. ನಮ್ಮ ಸೀಮೆಯಲ್ಲಿ ಅದು ಊಟದಷ್ಟು ಸಹಜ. ಕಂಪನಿ ಮಾಡಿದರೆ ಅದಕ್ಕೆ ತಾಂತ್ರಿಕ ಸಹಯೋಗ ಎಂದು ಹೆಸರು, ಗ್ಯಾರೇಜಿನ ಮಿಸ್ತ್ರಿ ಮಾಡಿದರೆ ಜುಗಾಡು. ಕೆಲಸ ಒಂದೇ. ನಾನು ಇದನ್ನು ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಕಾಕಾನ ಜೀಪಿನಿಂದ.

ಯಾದವಾಡದ ದಾರಿಗೆ ಹೊಂದಿದ ತೋಟದಲ್ಲಿ ಕಾಕಾನ ಹಳೆಯ ಮಹೀಂದ್ರ ಜೀಪು ಎಷ್ಟೋ ವರ್ಷದಿಂದ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ನಿಂತಿತ್ತು. ಎತ್ತರದ ಬಾನೆಟ್ಟಿನ, ಮುಂದಿನ ಗಾಜು ಮಡಚಿ ಮಲಗಿಸಬಹುದಾದ ಸಿಜೆ 3ಬಿ. ಮಹೀಂದ್ರದವರು 1949ರಲ್ಲಿ ಮುಂಬೈಯಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಶುರು ಮಾಡಿದರು, ಆ ಪೈಕಿಯದೇ ಮುಂದಿನ ತಲೆಮಾರು ಇದು. ಅದರ ಪೆಟ್ರೋಲ್ ಇಂಜಿನ್ನಿಗೆ ‘ಹರಿಕೇನ್’ ಎಂದು ಹೆಸರು. ನಾಲ್ಕು ಸಿಲಿಂಡರು, 2199 ಸಿಸಿ. ಬಿರುಗಾಳಿ ಎಂಬ ಹೆಸರಿಗೆ ತಕ್ಕ ಹಾಗೆ ಅದು ಕುಡಿಯುತ್ತಿದ್ದದ್ದು ಪೆಟ್ರೋಲನ್ನು ಮಾತ್ರ. ಎತ್ತರದ ಬಾನೆಟ್ಟು ಬಂದದ್ದೇ ಈ ಇಂಜಿನ್ನಿನಿಂದ. ಅದಕ್ಕಿಂತ ಮುಂಚಿನ ಇಂಜಿನ್ನಿಗಿಂತ ಇದು ಎತ್ತರ, ಹಳೆಯ ಬಾನೆಟ್ಟಿನ ಕೆಳಗೆ ಹಿಡಿಯಲಿಲ್ಲ, ಅದಕ್ಕೇ ವಿಲ್ಲಿಸ್ ಕಂಪನಿ ಬಾನೆಟ್ಟನ್ನೇ ಎತ್ತರಿಸಿತು. ಇಂಜಿನ್ ಬದಲಾದರೆ ಮೈಯೂ ಬದಲಾಗಬೇಕಾಗುತ್ತದೆ ಎಂಬುದಕ್ಕೆ ಜೀಪಿನ ಮುಖವೇ ಸಾಕ್ಷಿ.

ಜೀಪು ಕಲ್ಲಿನ ಮೇಲೆ ಏರಿದ್ದು ಹೀಗೆ. ಒಂದು ಬೇಸಿಗೆಯಲ್ಲಿ ರೇಡಿಯೇಟರಿಗೆ ನೀರು ಹಾಕುವುದನ್ನು ಮರೆತು ಓಡಿಸಿದ್ದಕ್ಕೆ ಇಂಜಿನ್ ಜಾಮ್ ಆಯಿತು. ಓಡಿಸಿದ್ದು ನಾನೇ. ಅದಕ್ಕೇ ಅದನ್ನು ಎಬ್ಬಿಸುವ ಹೊಣೆಯೂ ನನ್ನ ಮೇಲೆ ಬಂತು.

ಹಳೆಯ ಇಂಜಿನ್ನನ್ನೇ ಬೋರ್ ಮಾಡಿಸಿ, ಪಿಸ್ಟನ್ ರಿಂಗು ಹಾಕಿಸಿ ಎಬ್ಬಿಸಬಹುದಿತ್ತು. ಕಾಕಾ ಒಪ್ಪಲಿಲ್ಲ. ಪೆಟ್ರೋಲ್ ಜೀಪು ಇಟ್ಟುಕೊಳ್ಳುವುದೆಂದರೆ ಮನೆಯಲ್ಲಿ ಆನೆ ಕಟ್ಟಿದ ಹಾಗೆ ಎಂಬುದು ಅವನ ವಾದ. ಗುಜರಿಯಲ್ಲಿ ಒಂದು ಕ್ವಾಲಿಸ್ ಇಂಜಿನ್ ಐತಿ, ಡೀಸೆಲ್ಲು, ಅದನ್ನ ಕುಂದ್ರಸೂನು ಎಂದು ಯಾರೋ ಕಿವಿಯಲ್ಲಿ ಊದಿದ್ದರು.

ಕ್ವಾಲಿಸ್ ಎಂದರೆ ನಮ್ಮ ರಾಜ್ಯದ್ದೇ ಕೂಸು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಿಂದ 2005ರ ತನಕ ಬಂದ ಗಾಡಿ. ಆ ಹೆಸರಿನ ಎರಡನೆಯ ಅರ್ಧ ನಮ್ಮ ಭಾಗದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು. ಘಟಪ್ರಭೆಯ ದಂಡೆಯ ಹಳೆಯ ರೈತರಿಗೆ ಇಂಜಿನ್ ಎಂಬ ಮಾತಿಗೆ ಕಿರ್ಲೋಸ್ಕರ್ ಎಂಬುದೇ ಅರ್ಥವಾಗಿತ್ತು. ಬಾವಿಯ ಮೇಲಿನ ಪಂಪಿಗೂ ಅದೇ, ಕಬ್ಬಿನ ಗಾಣಕ್ಕೂ ಅದೇ. ಒಂದೇ ಇಂಜಿನ್ನನ್ನು ಬೇಸಿಗೆಯಲ್ಲಿ ನೀರೆತ್ತಲು, ಸುಗ್ಗಿಯಲ್ಲಿ ಗಾಣ ತಿರುಗಿಸಲು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಓಡಾಡಿದ ಮಂದಿ ನಾವು. ಇಂಜಿನ್ ಎಂಬುದು ಗಾಡಿಯ ಹೊಟ್ಟೆಯಲ್ಲಿ ಹುಟ್ಟಿದ ಅಂಗ ಎಂಬ ಭಾವನೆ ನಮ್ಮಲ್ಲಿ ಯಾವತ್ತೂ ಇರಲಿಲ್ಲ. ಅದು ಎತ್ತಿನ ಹಾಗೆ. ಈ ನೊಗದಿಂದ ಬಿಚ್ಚಿ ಆ ನೊಗಕ್ಕೆ ಹೂಡುವಂಥದ್ದು.

ಕಾಕಾನ ಲೆಕ್ಕವೂ ಅದೇ. ನೊಗ ಬದಲಿಸಿದರಾಯಿತು.

ಗ್ಯಾರೇಜಿನ ಮಿಸ್ತ್ರಿ ನಕ್ಕ. “ಇಂಜಿನ್ ಕುಂದ್ರಸೂದು ದೊಡ್ಡ ಮಾತಲ್ಲರೀ ಅಣ್ಣಾರ. ಚೈನ್ ಪುಲ್ಲಿ ಹಾಕಿ ಎತ್ತಿದ್ರ ಅರ್ಧಾ ತಾಸಿನ ಕೆಲ್ಸ. ಆದ್ರ ಅದು ಗೇರ್ ಬಾಕ್ಸಿನ ಕೂಡ ಸಂಸಾರ ಮಾಡಬೇಕಲ್ಲ?” ಆಮೇಲೆ ಬೀಡಿ ಹಚ್ಚಿಕೊಂಡು ಅವನೇ ಮುಂದುವರಿಸಿದ. “ಬೀಗತನ ಮಾಡೂಮುಂದ ಹುಡುಗ ಹುಡುಗೀನ ನೋಡ್ತೀವಿ. ಕಿತ್ತಾಡವ್ರು ಬೀಗರು.”

ಬೀಗರ ಕಿತ್ತಾಟ ಏನೆಂದು ಹೇಳುವ ಮುಂಚೆ ಒಂದು ಮಾತು. ಈ ಕಿತ್ತಾಟವನ್ನು ದೊಡ್ಡ ದೊಡ್ಡ ಕಂಪನಿಗಳೇ ಸರಿಯಾಗಿ ಬಗೆಹರಿಸಿಲ್ಲ. ಹಿಂದೂಸ್ತಾನ್ ಮೋಟರ್ಸ್‌ನವರು 1984ರಲ್ಲಿ ಕಾಂಟೆಸಾ ತಂದರು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಮೈ, ಉದ್ದ, ಅಗಲ, ಗತ್ತು ಎಲ್ಲ ಇತ್ತು. ಒಳಗೆ ಕೂಡಿಸಿದ್ದು ಅಂಬಾಸಡರಿನ ಅದೇ 1489 ಸಿಸಿಯ ಬಿಎಂಸಿ ಇಂಜಿನ್, ಐವತ್ತರ ಆಸುಪಾಸಿನ ಕುದುರೆ ಬಲ. ಪೈಲ್ವಾನನ ಮೈಗೆ ಹಸುಗೂಸಿನ ಗುಂಡಿಗೆ. ಕೆಲವು ವರ್ಷಗಳಲ್ಲೇ ಕಂಪನಿ ಜಪಾನಿನ ಇಸುಜು 1.8 ಲೀಟರ್ ಇಂಜಿನ್ನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ತಂದು ಹಾಕಿತು. ಕಾಂಟೆಸಾ ಕ್ಲಾಸಿಕ್ ಎಂದು ಜನ ಇಂದಿಗೂ ಹಲುಬುವುದು ಆ ಎರಡನೆಯ ಸಂಬಂಧದ ಗಾಡಿಯನ್ನು. 1990ರ ದಶಕದ ಮೊದಲಿಗೆ ಅದೇ ಇಸುಜು ಅಂಬಾಸಡರಿಗೂ ಬಂತು.

ಇದಕ್ಕಿಂತ ದೊಡ್ಡ ದುರಂತ ಮದರಾಸಿನ ಸ್ಟ್ಯಾಂಡರ್ಡ್ 2000ದ್ದು. ಬ್ರಿಟನ್ನಿನಲ್ಲಿ ವಿ8 ಇಂಜಿನ್ ಹೊತ್ತು ಮೆರೆದ ರೋವರ್ ಎಸ್‌ಡಿ1ರ ಮೈಗೆ ನಮ್ಮವರು 1985ರಲ್ಲಿ ಎರಡನೆಯ ಮಹಾಯುದ್ಧದ ಮಗ್ಗುಲಲ್ಲಿ ಹುಟ್ಟಿದ ವ್ಯಾನ್‌ಗಾರ್ಡ್ ಕುಲದ 1991 ಸಿಸಿ ಇಂಜಿನ್ ಕೂಡಿಸಿದರು. ಬೆಲೆ ಸಾಹೇಬರದು, ನಡಿಗೆ ಗುಮಾಸ್ತನದು. ಮೂರ್ನಾಲ್ಕು ವರ್ಷದಲ್ಲಿ ಅಂಗಡಿ ಮುಚ್ಚಿತು. ಅದೇ ಕಾಲಕ್ಕೆ ಪ್ರೀಮಿಯರ್‌ನವರು ಫಿಯೆಟ್ 124ರ ಮೈಗೆ ನಿಸಾನ್ ಕಂಪನಿಯ 1171 ಸಿಸಿಯ ಎ12 ಇಂಜಿನ್ ಜೋಡಿಸಿ 118 ಎನ್‌ಇ ಮಾಡಿದರು. ಚೊಕ್ಕವಾದ ಜೋಡಿ. ಇಟಲಿಯ ಮೈ, ಜಪಾನಿನ ಗುಂಡಿಗೆ, ನಡುವೆ ಜಗಳವಿಲ್ಲ. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ ಫೈಬರ್ ಮೈಯ ಡಾಲ್ಫಿನ್ ಕಾರು ಇನ್ನೊಂದು ಬಗೆ. ಬ್ರಿಟನ್ನಿನ ರಿಲಯಂಟ್ ಕಂಪನಿಯಿಂದ ಮೈಯನ್ನೂ 848 ಸಿಸಿ ಇಂಜಿನ್ನನ್ನೂ ಒಟ್ಟಿಗೇ ತಂದದ್ದರಿಂದ ಹೊಂದಿಕೆಯ ತೊಂದರೆ ಇರಲಿಲ್ಲ. ತೊಂದರೆ ಕೊಟ್ಟದ್ದು ಮಾರುತಿ 800, ಅದು ಬೇರೆ ಲೇಖನದ ಮಾತು.

ಹೊರದೇಶದ ಮಾತು ಬೇಕೆಂದರೆ ಎಸಿ ಕೋಬ್ರಾ. ಬ್ರಿಟನ್ನಿನ ಸಣ್ಣ ಎಸಿ ಕಂಪನಿಗೆ ಇಂಜಿನ್ ಕೊಡುತ್ತಿದ್ದ ಬ್ರಿಸ್ಟಲ್ ಕಂಪನಿ ಕೈ ಎತ್ತಿತು. ಟೆಕ್ಸಾಸಿನ ಕ್ಯಾರೋಲ್ ಶೆಲ್ಬಿ 1962ರಲ್ಲಿ ಆ ಹಗುರ ಮೈಗೆ ಅಮೆರಿಕದ ಫೋರ್ಡ್ ವಿ8 ಕೂಡಿಸಿದ. ಇಂದು ಕೋಟಿಗಟ್ಟಲೆ ಬೆಲೆಗೆ ಹರಾಜಾಗುವ ಗಾಡಿ ಹುಟ್ಟಿದ್ದು ಇಂಜಿನ್ ಸಿಗದೆ ಹೋದ ತಾಪತ್ರಯದಿಂದ. ನಮ್ಮ ಜೀಪಿನ ಕಥೆಯೂ ಅಲ್ಲಿಯ ತನಕ ಹಾಗೆಯೇ ಇತ್ತು. ಮುಂದಕ್ಕೆ ಮಾತ್ರ ಹೋಲಿಕೆ ಇಲ್ಲ.

ಈಗ ಬೀಗರ ವಿಚಾರ. ಇಂಜಿನ್ನಿನ ಹಿಂದೆ ಅಗಲವಾದ ಕಬ್ಬಿಣದ ಚಕ್ರ ಇರುತ್ತದೆ, ಫ್ಲೈವೀಲು. ಅದರ ಮೇಲೆ ಕ್ಲಚ್ಚು. ಇದೆಲ್ಲವನ್ನೂ ಮುಚ್ಚಿಕೊಂಡು, ಗಂಟೆ ಬೋರಲು ಹಾಕಿದಂತೆ ಕೂತಿರುವುದು ಬೆಲ್ ಹೌಸಿಂಗ್. ಗಂಟೆಯ ಬಾಯಿ ಇಂಜಿನ್ನಿಗೆ ಬೋಲ್ಟ್ ಆಗುತ್ತದೆ, ತಲೆ ಗೇರ್ ಬಾಕ್ಸಿಗೆ. ಒಂದೊಂದು ಕಂಪನಿಯದು ಒಂದೊಂದು ಬೋಲ್ಟ್ ತೂತಿನ ಹಂಚಿಕೆ. ಟೊಯೊಟಾದ ತೂತಿಗೂ ಜೀಪಿನ ತೂತಿಗೂ ಏನೇನೂ ಸಂಬಂಧವಿಲ್ಲ. ಹಾಗಾಗಿ ನಡುವೆ ಒಂದು ದಪ್ಪ ಕಬ್ಬಿಣದ ಪ್ಲೇಟು ಬೇಕು, ಒಂದು ಮುಖದಲ್ಲಿ ಟೊಯೊಟಾದ ತೂತು, ಇನ್ನೊಂದು ಮುಖಕ್ಕೆ ಜೀಪಿನ ತೂತು. ಮದುವೆ ಮಾಡಿಸುವವನೆಂದರೆ ಈ ಪ್ಲೇಟು.

ಪ್ಲೇಟು ನಡುವೆ ಬಂದ ಕೂಡಲೇ ಗೇರ್ ಬಾಕ್ಸು ಅದರ ದಪ್ಪದಷ್ಟು ಹಿಂದೆ ಸರಿಯುತ್ತದೆ. ಗೇರ್ ಬಾಕ್ಸಿನಿಂದ ಮುಂದೆ ಚಾಚಿದ ಶಾಫ್ಟಿನ ತುದಿ ಇಂಜಿನ್ನಿನ ಕ್ರ್ಯಾಂಕಿನ ನಡುವಿರುವ ಸಣ್ಣ ಬುಶ್‌ನೊಳಗೆ ಕೂಡಬೇಕು. ಪ್ಲೇಟು ಇಪ್ಪತ್ತು ಮಿಲಿಮೀಟರ್ ದಪ್ಪವಿದ್ದರೆ ಶಾಫ್ಟು ಇಪ್ಪತ್ತು ಮಿಲಿಮೀಟರ್ ಗಿಡ್ಡ ಆದಂತೆ. ಆಗ ಬುಶ್ಶನ್ನೇ ಉದ್ದ ಮಾಡಿ ಮುಂದೆ ತರಬೇಕು, ಲೇತಿನ ಮೇಲೆ ಹಿತ್ತಾಳೆ ತಿರುವಬೇಕು. ಕ್ಲಚ್ ಪ್ಲೇಟಿನದು ಇನ್ನೊಂದು ರಗಳೆ. ಅದರ ಹೊರ ಅಂಚು ಟೊಯೊಟಾದ ಫ್ಲೈವೀಲಿಗೆ ಹೊಂದಬೇಕು, ನಡುವಿನ ಹಲ್ಲು ಜೀಪಿನ ಶಾಫ್ಟಿಗೆ. ನಮ್ಮ ಮಿಸ್ತ್ರಿ ಟೊಯೊಟಾ ಪ್ಲೇಟಿನ ನಡುವಿನ ಹಬ್ಬು ಬಿಚ್ಚಿ, ಜೀಪಿನ ಹಬ್ಬು ಇಟ್ಟು ರಿವೆಟ್ ಹೊಡೆದ. ಫ್ಲೈವೀಲು, ಸೆಲ್ಫು ಎರಡನ್ನೂ ಟೊಯೊಟಾದವೇ ಇಟ್ಟುಕೊಂಡ, ಯಾಕೆಂದರೆ ಫ್ಲೈವೀಲಿನ ಹಲ್ಲಿಗೂ ಸೆಲ್ಫಿನ ಹಲ್ಲಿಗೂ ಮೊದಲೇ ಸ್ನೇಹ.

ಗೇರ್ ಬಾಕ್ಸನ್ನೂ ಕ್ವಾಲಿಸ್‌ನದೇ ಹಾಕಿದರೆ ಈ ಪೂರ್ತಿ ತಲೆನೋವು ತಪ್ಪುವುದಿಲ್ಲವೇ ಎಂದು ಕೇಳಿದೆ. ತಪ್ಪುತ್ತದೆ, ಇನ್ನೊಂದು ಬರುತ್ತದೆ. ಕ್ವಾಲಿಸ್ ಹಿಂದಿನ ಗಾಲಿ ಮಾತ್ರ ಎಳೆಯುವ ಗಾಡಿ. ಜೀಪಿನ ನಾಲ್ಕೂ ಗಾಲಿಗೆ ಶಕ್ತಿ ಹಂಚುವ ಪೆಟ್ಟಿಗೆ ಜೀಪಿನ ಗೇರ್ ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಟೊಯೊಟಾ ಗೇರ್ ಬಾಕ್ಸು ಹಾಕಿದರೆ ಆ ಪೆಟ್ಟಿಗೆಗೆ ಮತ್ತೊಂದು ಪ್ಲೇಟು, ಮತ್ತೊಂದು ಶಾಫ್ಟು. ಇಲ್ಲವೇ ನಾಲ್ಕು ಗಾಲಿಯ ಆಸೆ ಬಿಡಬೇಕು. ಮಳೆಗಾಲದ ಎರಿ ಮಣ್ಣಿನಲ್ಲಿ ಎರಡು ಗಾಲಿಯ ಜೀಪೆಂದರೆ ಹೂತ ಕಂಬ. ಜೀಪಿನ ಮೂರು ಗೇರಿನ ಪೆಟ್ಟಿಗೆಯೇ ಉಳಿಯಿತು.

ಆ ಹಳೆಯ ಪೆಟ್ಟಿಗೆ ಡೀಸೆಲ್ಲಿನ ಏಟು ತಡೆದೀತೇ ಎಂಬ ಭಯ ನನಗಿತ್ತು. ಲೆಕ್ಕ ಹಾಕಿ ನೋಡಿದೆ. ಹರಿಕೇನ್ ಪೆಟ್ರೋಲ್ ಇಂಜಿನ್ನಿನ ತಿರುಚು ಬಲ ಸುಮಾರು 154 ನ್ಯೂಟನ್ ಮೀಟರ್, ಕ್ವಾಲಿಸ್‌ನ 2446 ಸಿಸಿ ಡೀಸೆಲ್ಲಿನದೂ ನೂರೈವತ್ತರ ಆಸುಪಾಸು. ಟರ್ಬೊ ಇಲ್ಲದ, ಕಂಪ್ಯೂಟರ್ ಇಲ್ಲದ ಸೀದಾ ಇಂಜಿನ್. ಬಲದಲ್ಲಿ ಇಬ್ಬರೂ ಸರಿಸಮ, ಖರ್ಚಿನಲ್ಲಿ ಮಾತ್ರ ಅಜಗಜಾಂತರ. ಆದರೆ ಓಟದ ಲೆಕ್ಕ ಹೊರಬಿದ್ದಾಗ ಕಾಕಾನ ಮುಖ ಸಣ್ಣದಾಯಿತು. ಈ ಜೀಪಿನ ಹಿಂದಿನ ಕ್ರೌನ್ ಪಿನಿಯನ್ 5.38ಕ್ಕೆ ಒಂದು, ಅಂದರೆ ಇಂಜಿನ್ ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು. ಟಾಪ್ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದಾಗ ಗಾಡಿ ತಾಸಿಗೆ ಸುಮಾರು 75 ಕಿಲೋಮೀಟರು. ಅದರ ಮೇಲೆ ಒತ್ತಿದರೆ ಡೀಸೆಲ್ ಇಂಜಿನ್ ಕಿರುಚುತ್ತದೆ. ಕ್ವಾಲಿಸ್‌ನ ಇಂಜಿನ್ ಹಾಕಿದರೆ ಕ್ವಾಲಿಸ್‌ನ ಓಟ ಬರುವುದಿಲ್ಲ. ಓಟ ಇರುವುದು ಇಂಜಿನ್ನಿನಲ್ಲಿ ಎಂದು ನಂಬಿದವರು ಮೋಸ ಹೋಗುವುದು ಇಲ್ಲಿಯೇ.

ಓಟ ಬರದಿದ್ದರೂ ಕ್ವಾಲಿಸ್ ಇಂಜಿನ್ನಿನ ಸೀದಾತನವೇ ಅದನ್ನು ಆರಿಸಲು ಕಾರಣ. ಹಳೆಯ ಡೀಸೆಲ್ಲಿಗೆ ಡೀಸೆಲ್ ಬಂದರೆ, ಗಾಳಿ ಬಂದರೆ, ಹೀಟರ್ ಪ್ಲಗ್ಗು ಕಾದರೆ ಸಾಕು. ಆಮೇಲೆ ಅದಕ್ಕೆ ಕರೆಂಟಿನ ಹಂಗೂ ಹೆಚ್ಚಿಲ್ಲ. ಹೊಸ ಕಾಲದ ಇಂಜಿನ್ನು ಹಾಗಲ್ಲ. ಮಾರುತಿ, ಟಾಟಾ, ಫಿಯೆಟ್ ಮೂರಕ್ಕೂ ಉಸಿರಾಗಿದ್ದ ಆ 1248 ಸಿಸಿಯ ಫಿಯೆಟ್ ಡೀಸೆಲ್ಲನ್ನು ಜೀಪಿಗೆ ಹಾಕುತ್ತೇನೆಂದರೆ ಮೊದಲ ತೊಡಕು ಅದು ಅಡ್ಡಕ್ಕೆ ಕೂಡುವ ಇಂಜಿನ್, ಮುಂದಿನ ಗಾಲಿ ಎಳೆಯಲು ಹುಟ್ಟಿದ್ದು, ಗೇರ್ ಬಾಕ್ಸು ಬದಿಗೆ. ಎರಡನೆಯದು ಅದರ ಮಿದುಳು. ಇಂಜಿನ್ನಿನ ಪೆಟ್ಟಿಗೆ ಕೀಲಿಯೊಡನೆ ಮಾತಾಡುತ್ತದೆ, ಕೀಲಿಯ ಗುರುತು ಸಿಗದಿದ್ದರೆ ಸ್ಟಾರ್ಟೇ ಆಗದು. ಇಂಜಿನ್ ತರುವಾಗ ವೈರಿಂಗ್ ಪೂರ್ತಿ, ಮೀಟರು, ಕೀಲಿ, ಕಡೆಗೆ ಆಕ್ಸಿಲರೇಟರ್ ಪೆಡಲ್ಲನ್ನೂ ಅದೇ ಗಾಡಿಯಿಂದ ಬಿಚ್ಚಿ ತರಬೇಕು. ಮಗಳನ್ನು ಕೊಡುವವರು ಮನೆಯ ಬಾಗಿಲು ಕಿಟಕಿಯನ್ನೂ ಕಿತ್ತು ಕಳಿಸಿದ ಹಾಗೆ. ಪಾನಾ ಹಿಡಿದವನ ಕೈಯಿಂದ ಈ ಕೆಲಸ ಲ್ಯಾಪ್‌ಟಾಪ್ ಹಿಡಿದವನ ಕೈಗೆ ಹೋಗಿ ಕಾಲವಾಯಿತು.

ಇಂಜಿನ್ ಇಳಿಸಿದೆವು. ಕೂಡಲೇ ಸಂಪು ಮುಂದಿನ ಹೌಸಿಂಗಿಗೆ ತಾಗಿತು. ಕ್ವಾಲಿಸ್‌ನಲ್ಲಿ ಆ ಜಾಗದಲ್ಲಿ ಗಾಲಿಗೆ ಶಕ್ತಿ ಒಯ್ಯುವ ಹೌಸಿಂಗೇ ಇರುವುದಿಲ್ಲ, ಆಯಿಲ್ ತುಂಬಿಕೊಳ್ಳುವ ಸಂಪು ಹೊಟ್ಟೆ ಬಿಟ್ಟುಕೊಂಡು ಆರಾಮ ಕೂತಿರುತ್ತದೆ. ಇಲ್ಲಿ ಆ ಹೊಟ್ಟೆ ಕೊಯ್ದು, ಹಿಂದಕ್ಕೆ ಸರಿಸಿ, ಮತ್ತೆ ವೆಲ್ಡ್ ಮಾಡಬೇಕಾಯಿತು. ಸಂಪು ಸರಿದರೆ ಆಯಿಲ್ ಹೀರುವ ನಳಿಗೆಯೂ ಸರಿಯಬೇಕು. ಅದನ್ನು ಮರೆತವರ ಇಂಜಿನ್ನು ಮೊದಲ ಏರಿನಲ್ಲೇ ಆಯಿಲ್ ಸಿಗದೆ ಸಾಯುತ್ತದೆ. ನಡುವಿನ ಸಂದು ಬೆರಳಿನಷ್ಟು ಇದೆ, ಸಾಕು ಎಂದು ನಾನು ಹೇಳಿದೆ. ಮಿಸ್ತ್ರಿ ಜೀಪಿನ ಮುಂಭಾಗದ ಮೇಲೆ ನಾಲ್ಕು ಜನರನ್ನು ನಿಲ್ಲಿಸಿ ಕುಣಿಸಿದ. ಸ್ಪ್ರಿಂಗಿನ ಪಾಟಾ ಬಾಗಿ, ಸಂದು ಮಾಯವಾಯಿತು. ಗಾಡಿ ನಿಂತಾಗಿನ ಅಳತೆ ಅಳತೆಯಲ್ಲ, ಗುಂಡಿಗೆ ಬಿದ್ದಾಗಿನದು ಅಳತೆ.

ಮೂರನೆಯ ವಾರ ಇಂಜಿನ್ ಸ್ಟಾರ್ಟ್ ಆಯಿತು. ಕಾಯಿ ಒಡೆದೆವು. ಕಬ್ಬಿನ ಗದ್ದೆಯ ಬದಿಯ ಬಂಡಿ ದಾರಿಯಲ್ಲಿ ಕಾಕಾ ಟಾಪ್ ಗೇರಿಗೆ ಹಾಕಿದ. ಟಪ್ ಎಂದು ಗೇರಿನ ಕಡ್ಡಿ ತಾನೇ ಹಿಂದಕ್ಕೆ ಬಂತು. ಮತ್ತೆ ಹಾಕಿದ, ಮತ್ತೆ ಬಂತು. ಕ್ಲಚ್ ಒತ್ತಿ ನಿಂತರೆ ಒಳಗೆಲ್ಲೋ ನಾಯಿ ಗುರುಗುಟ್ಟಿದ ಸದ್ದು.

“ಮತ್ತ ಇಳಸ್ರಿ” ಎಂದ ಮಿಸ್ತ್ರಿ.

ಈ ಕೆಲಸದ ಗುಟ್ಟೆಲ್ಲ ಇರುವುದು ಇಲ್ಲಿ, ಅದಕ್ಕೆ ತುಸು ನಿಲ್ಲುತ್ತೇನೆ. ಇಂಜಿನ್ನಿನ ಕ್ರ್ಯಾಂಕೂ ಗೇರ್ ಬಾಕ್ಸಿನ ಶಾಫ್ಟೂ ಎರಡು ಬೇರೆ ಬೇರೆ ಕಬ್ಬಿಣವಾದರೂ ತಿರುಗುವಾಗ ಒಂದೇ ಕಡ್ಡಿ ಎಂಬಂತೆ ತಿರುಗಬೇಕು. ಎರಡರ ನಡುವಿನ ಗೆರೆ ತಪ್ಪಬಹುದಾದ ಮಿತಿ ಇಂಚಿನ ಸಾವಿರ ಪಾಲಿನಲ್ಲಿ ಐದು ಪಾಲು, ಅಂದರೆ 0.13 ಮಿಲಿಮೀಟರಿನಷ್ಟು. ಎರಡು ತಲೆಗೂದಲು ಪಕ್ಕಪಕ್ಕ ಇಟ್ಟಷ್ಟು ಮಾತ್ರ. ಅದಕ್ಕಿಂತ ಹೆಚ್ಚು ತಪ್ಪಿದರೆ ನಿಮಿಷಕ್ಕೆ ಸಾವಿರ ಸಲ ಶಾಫ್ಟು ಬಾಗಿ ನೆಟ್ಟಗಾಗುತ್ತದೆ. ಬುಶ್ಶು ಗುರುಗುಟ್ಟುತ್ತದೆ, ಕ್ಲಚ್ಚು ನಡುಗುತ್ತದೆ, ಗೇರು ಹೊರಗೆ ಜಿಗಿಯುತ್ತದೆ. ಕಂಪನಿಯಲ್ಲಿ ಇದನ್ನು ತಪ್ಪಿಸಲು ಬೋಲ್ಟುಗಳಲ್ಲದೆ ಎರಡು ನುಣುಪಾದ ಗೂಟ ಹಾಕಿರುತ್ತಾರೆ, ಡವೆಲ್ ಪಿನ್ನು. ಬೋಲ್ಟು ಬಿಗಿಯುತ್ತದೆ ಅಷ್ಟೇ. ಜಾಗ ಹಿಡಿಯುವುದು ಡವೆಲ್ಲು. ನಮ್ಮ ಪ್ಲೇಟಿಗೆ ತೂತು ಹೊಡೆದದ್ದು ರಟ್ಟಿನ ಅಳತೆ ಇಟ್ಟು, ಬೋಲ್ಟಿನ ಭರವಸೆಯ ಮೇಲೆ. ಬೋಲ್ಟಿನ ತೂತು ಬೋಲ್ಟಿಗಿಂತ ಒಂದಿಷ್ಟು ದೊಡ್ಡದೇ ಇರುತ್ತದೆ. ಆ ‘ಒಂದಿಷ್ಟು’ ನಮ್ಮನ್ನು ತಿಂದಿತು.

ಲೇತಿನವನ ಹತ್ತಿರ ಡಯಲ್ ಇತ್ತು. ಗಡಿಯಾರದಂಥ ಮುಖ, ಕೆಳಗೆ ಮುಟ್ಟಿ ನೋಡುವ ಕಡ್ಡಿ. ಅದನ್ನು ಫ್ಲೈವೀಲಿಗೆ ಕಚ್ಚಿಸಿ, ಕಡ್ಡಿಯನ್ನು ಬೆಲ್ ಹೌಸಿಂಗಿನ ನಡುವಿನ ತೂತಿನ ಅಂಚಿಗೆ ಮುಟ್ಟಿಸಿ, ಕೈಯಿಂದ ಇಂಜಿನ್ ಒಂದು ಸುತ್ತು ತಿರುಗಿಸಿದರು. ಸೂಜಿ 0.70 ಓಡಿತು. ನನ್ನ ಎದೆ ಧಸಕ್ಕೆಂದಿತು. ಸೂಜಿ ಓಡಿದ್ದರ ಅರ್ಧವೇ ನಿಜವಾದ ತಪ್ಪು ಎಂದು ಲೇತಿನವನು ಸಮಾಧಾನ ಹೇಳಿದ. ಒಂದು ಬದಿಗೆ ಎಷ್ಟು ಸರಿದಿದೆಯೋ ಎದುರು ಬದಿಗೂ ಅಷ್ಟೇ ಕಾಣುವುದರಿಂದ ಸೂಜಿ ಎರಡು ಪಟ್ಟು ತೋರಿಸುತ್ತದೆ. ಅಂದರೆ 0.35. ಆದರೂ ಮಿತಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಅವನು ಬೋಲ್ಟು ಸಡಿಲ ಮಾಡಿ, ಮರದ ಸುತ್ತಿಗೆಯಿಂದ ಹೌಸಿಂಗನ್ನು ಮೆಲ್ಲಗೆ ತಟ್ಟುತ್ತ, ಸುತ್ತು ತಿರುಗಿಸುತ್ತ, ಮತ್ತೆ ತಟ್ಟುತ್ತ ಸಂಜೆಯ ತನಕ ಕೂತ. ಸೂಜಿ 0.16ಕ್ಕೆ ಇಳಿದಾಗ ಬಿಗಿ ಮಾಡಿ, ಪ್ಲೇಟಿಗೂ ಹೌಸಿಂಗಿಗೂ ಒಟ್ಟಿಗೇ ತೂತು ಹೊಡೆದು ಹೊಸ ಡವೆಲ್ ಜಡಿದ. ಇಡೀ ತಿಂಗಳ ಕೆಲಸದಲ್ಲಿ ನಾನು ಕಂಡ ನಿಜವಾದ ಕಸುಬುದಾರಿಕೆ ಆ ಒಂದು ಮಧ್ಯಾಹ್ನದ್ದು. ಅವನು ಅದಕ್ಕೆ ತೆಗೆದುಕೊಂಡ ಮಜೂರಿ ಪ್ಲೇಟಿನ ಕಬ್ಬಿಣದ ಬೆಲೆಗಿಂತಲೂ ಕಡಿಮೆ.

ಈ ಬಾರಿ ಗೇರು ನಿಂತಿತು.

ಇಷ್ಟೆಲ್ಲ ಆದ ಮೇಲೆ ಕಾನೂನು ಓದಲು ಕೂತೆ. ಮೊದಲೇ ಓದಬೇಕಿತ್ತು, ಓದಿರಲಿಲ್ಲ. ಈ ಲೇಖನ ಓದಿ ಯಾರಾದರೂ ಗುಜರಿ ಅಂಗಡಿಗೆ ಹೊರಟಿದ್ದರೆ ಅವರು ಇಲ್ಲಿಂದ ಮುಂದೆ ನಿಧಾನವಾಗಿ ಓದಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೊದಲು ಗೊತ್ತುಪಡಿಸಿದ, ನೋಂದಣಿ ಪತ್ರದಲ್ಲಿ ಬರೆದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿಯಂಥ ಬೇರೆ ಇಂಧನಕ್ಕೆ ಒಗ್ಗಿಸಲು ಸಿದ್ಧ ಕಿಟ್ಟು ಹಾಕಿಸಲು ದಾರಿ ಇದೆ, ಅದಕ್ಕೂ ಷರತ್ತುಗಳಿವೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇರುವ ಮಾಲೀಕರಿಗೆ, ಬಸ್ಸಿನ ಸಂಸ್ಥೆಗಳಂಥವರಿಗೆ, ಪ್ರತಿ ಸಲ ಅನುಮತಿ ಕೇಳದೆ ಇಂಜಿನ್ ಬದಲಿಸುವ ಅಧಿಕಾರವನ್ನು ರಾಜ್ಯ ಸರಕಾರ ಕೊಡಬಹುದು. ಆದರೆ ಅಲ್ಲಿಯೂ ಮಾತು ಸ್ಪಷ್ಟ, ಅದೇ ತಯಾರಕರ, ಅದೇ ಮಾದರಿಯ ಇಂಜಿನ್ನಿಗೆ ಮಾತ್ರ. ಇಂಜಿನ್ ಬದಲಾದರೆ ಹದಿನಾಲ್ಕು ದಿನದೊಳಗೆ ನೋಂದಣಿ ಕಚೇರಿಗೆ ವರದಿ ಒಪ್ಪಿಸಬೇಕು.

2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಹೊಸ ರೂಪದಲ್ಲಿ ಬಂತು. ಒಪ್ಪಿಗೆಯಿಲ್ಲದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳ ತನಕ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ನಮ್ಮ ಜೀಪಿನಲ್ಲಿ ಎಷ್ಟು ಮಾರ್ಪಾಡು ಎಂದು ಎಣಿಸುತ್ತ ಹೋದೆ, ಸಂಪಿನ ಹತ್ತಿರ ಬಂದಾಗ ಎಣಿಕೆ ನಿಲ್ಲಿಸಿದೆ.

“ತ್ವಾಟದಾಗ ಓಡಿಸಿದ್ರ ಯಾರ್ ಕೇಳ್ತಾರಪಾ?” ಎಂದ ಕಾಕಾ.

ಎಲ್ಲರೂ ಹೇಳುವ ಮಾತು ಅದು, ಕಾನೂನಿನ ಉತ್ತರವಲ್ಲ. ಕಲಮು ಹಿಡಿಯುವುದು ಗಾಡಿ ಮಾರ್ಪಡಿಸಿದ ಮಾಲೀಕನನ್ನು, ಓಡಿಸಿದ ಜಾಗವನ್ನಲ್ಲ. ಮೇಲಾಗಿ ತೋಟದ ಗೇಟಿಗೂ ಡಾಂಬರಿಗೂ ಇರುವ ಅಂತರ ಹತ್ತು ಹೆಜ್ಜೆ. ಕಬ್ಬಿನ ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಸಿಮೆಂಟ್ ಫ್ಯಾಕ್ಟರಿಯ ಟ್ಯಾಂಕರುಗಳು ಹಗಲು ರಾತ್ರಿ ಓಡಾಡುವ ದಾರಿ ಅದು. ಅಲ್ಲಿ ಏನಾದರೂ ಆದರೆ ವಿಮೆಯವರು ಮೊದಲು ನೋಡುವುದು ಇಂಜಿನ್ ನಂಬರು. ಬ್ರೇಕಿನ ಮಾತನ್ನು ಕಾಕಾನಿಗೆ ಇನ್ನೂ ಹೇಳಿಲ್ಲ. ಇಂಜಿನ್ ಬದಲಿಸಿದ್ದೇವೆ, ಡ್ರಮ್ ಬ್ರೇಕು ಮಾತ್ರ ಹಳೆಯ ಕಾಲದ್ದೇ.

ನನ್ನ ಅಭಿಪ್ರಾಯ ಕೇಳಿದರೆ ಕಾನೂನಿನ ಉದ್ದೇಶ ಸರಿ, ದಾರಿ ಇಕ್ಕಟ್ಟು. ಕೆಲವು ದೇಶಗಳಲ್ಲಿ ಇಂಜಿನ್ ಬದಲಿಸಿದ ಗಾಡಿಯನ್ನು ಎಂಜಿನಿಯರೊಬ್ಬ ಪರೀಕ್ಷೆ ಮಾಡಿ, ಬ್ರೇಕು, ಭಾರ, ಹೊಗೆ ನೋಡಿ ಚೀಟಿ ಕೊಡುವ ಪದ್ಧತಿ ಇದೆ. ಆಸ್ಟ್ರೇಲಿಯಾ ಅಂಥದ್ದು. ಆ ಡಯಲ್ಲಿನ ಸೂಜಿಯನ್ನು 0.16ಕ್ಕೆ ತಂದ ಲೇತಿನವನ ಕೆಲಸವನ್ನು ಅಂಥ ಒಬ್ಬ ಬಂದು ನೋಡಿದ್ದರೆ ಪಾಸು ಮಾಡುತ್ತಿದ್ದನೋ ಫೇಲು ಮಾಡುತ್ತಿದ್ದನೋ, ಯಾಕೆ ಎಂಬುದಾದರೂ ನಮಗೆ ತಿಳಿಯುತ್ತಿತ್ತು.

ಈಗ ಜೀಪು ಶೆಡ್ಡಿನೊಳಗಿದೆ. ಆಯುಧ ಪೂಜೆಗೆ ಸ್ಟಾರ್ಟ್ ಮಾಡುತ್ತೇವೆ, ಹೂವು ಏರಿಸುತ್ತೇವೆ, ನಿಂಬೆಹಣ್ಣು ಒಡೆಸಿ ಬಂದ್ ಮಾಡುತ್ತೇವೆ. ಹಳೆಯ ಹರಿಕೇನ್ ಇಂಜಿನ್ನು ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ಕೂತಿದೆ. ಗುಜರಿಯವನು ಎರಡು ಸಲ ಬಂದು ತೂಕಕ್ಕೆ ಕೇಳಿದ. ಕಾಕಾ ಅವನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ, ತಾಡಪತ್ರಿ ಸರಿಸಿ, ವಾಟರ್ ಪಂಪಿನ ಮಗ್ಗುಲಲ್ಲಿ ಒತ್ತಿದ ನಂಬರಿನ ಮೇಲಿನ ಧೂಳು ಹೆಬ್ಬೆರಳಿನಿಂದ ಒರೆಸಿದ. ಮರು ನೋಂದಣಿಗೆ ಜಮಖಂಡಿಯ ಆರ್‌ಟಿಓ ಕಚೇರಿಗೆ ಹೋದಾಗ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದದ್ದು ಇದೇ ನಂಬರು, ಆರ್‌ಸಿ ಪುಸ್ತಕದಲ್ಲಿ ಇರುವುದೂ ಇದೇ.

“ಕಾಗದದ ಮ್ಯಾಲ ಜೀಪಂದ್ರ ಇದಪಾ” ಎಂದ. “ಶೆಡ್ಡಿನ್ಯಾಗ ಇರೂದು ಬರೇ ಮೈ. ಇದನ್ನ ಮಾರಿದ್ರ ಅದು ಯಾರದು?”

ಗುಜರಿಯವನು ತಕ್ಕಡಿ ಮಡಚಿಕೊಂಡು ಹೋದ. ಬೋರ್ ಮಾಡಿಸಲು ಎಷ್ಟು ಆದೀತು ಎಂದು ಕಾಕಾ ಮರುದಿನ ಮಿಸ್ತ್ರಿಗೆ ಫೋನು ಹಚ್ಚಿದ.